ಸಹಿಗೆ ಮೊದಲು ಮುಖದ ಬಾಬ್ತು ನೋಡಿ

ಮಾನ್ಯ ಸಂಪಾದಕರೇ,

ಧಾರಾವಾಹಿಯಲ್ಲಿ ಪಾರ್ಟು ಸಿಕ್ಕಿತೆಂದು ಬೆಂಗಳೂರು ಬಸ್ಸು ಹತ್ತುವವರು ಕಾರವಾರ, ಕುಮಟಾ, ಶಿರಸಿ ಕಡೆಯಲ್ಲೂ ಇದ್ದಾರೆ. ಕೈಗೆ ಬರುವ ಕರಾರುಪತ್ರ ಹತ್ತಾರು ಪುಟ, ಪೂರ್ತಿ ಇಂಗ್ಲಿಷು. ಸಹಿ ಹಾಕುವ ಜಾಗವನ್ನಷ್ಟೇ ಮ್ಯಾನೇಜರ್ ಬೆರಳಿಟ್ಟು ತೋರಿಸುತ್ತಾರೆ. ಇಂಥವರು ಫ್ರಾನ್ ಡ್ರೆಷರ್ ಏನು ಮಾಡಿದರೆಂದು ತಿಳಿದಿರಬೇಕು.

1993ರಿಂದ 1999ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ‘ದಿ ನ್ಯಾನಿ’ಯ ನಾಯಕಿ ಈಕೆ. ಮೂಗಿನಲ್ಲಿ ಮಾತಾಡುವ ದನಿಯೇ ಬಂಡವಾಳ. ಆ ಧಾರಾವಾಹಿಯ ಬರವಣಿಗೆ, ನಿರ್ಮಾಣದಲ್ಲೂ ಕೈಯಿದ್ದುದರಿಂದ ನಿರ್ಮಾಪಕರ ಲೆಕ್ಕಾಚಾರ ಅವರಿಗೆ ಹೊಸದಲ್ಲ. 2021ರಲ್ಲಿ ಅಲ್ಲಿನ ನಟರ ಸಂಘ ಸ್ಯಾಗ್-ಆಫ್ಟ್ರಾದ ಅಧ್ಯಕ್ಷೆಯಾದರು. ನಿರ್ಮಾಣ ಸಂಸ್ಥೆಗಳ ವಿರುದ್ಧ ಸಂಘ ಹೂಡಿದ 2023ರ ಮುಷ್ಕರ 118 ದಿನ ನಡೆಯಿತು. ಪತ್ರಿಕೆಗಳಲ್ಲಿ ಅವರ ಆವೇಶದ ಭಾಷಣವೇ ಹೆಚ್ಚು ಬಂತು. ನಮಗೆ ಬೇಕಾದದ್ದು ಮುಷ್ಕರ ಮುಗಿಸಿದ 2023ರ ಒಪ್ಪಂದದ ಷರತ್ತುಗಳು.

ನಟರ ಮುಖ, ಮೈಕಟ್ಟು ಸ್ಕ್ಯಾನ್ ಮಾಡುವುದಿದ್ದರೆ 48 ಗಂಟೆ ಮೊದಲೇ ತಿಳಿಸಬೇಕು. ಅಷ್ಟು ಮುಂಚೆ ಕೆಲಸಕ್ಕೆ ಕರೆದಿಲ್ಲವಾದರೆ ಕರೆಯುವಾಗಲೇ ಹೇಳಬೇಕು. ಆ ಸ್ಕ್ಯಾನಿನಿಂದ ಕಂಪ್ಯೂಟರಿನಲ್ಲಿ ಮಾಡುವ ಡಿಜಿಟಲ್ ಪ್ರತಿರೂಪವನ್ನು ಯಾವುದಕ್ಕೆ ಬಳಸುತ್ತಾರೆಂದು ಬಿಡಿಸಿ ಬರೆದು ಒಪ್ಪಿಗೆ ಪಡೆಯಬೇಕು. ನಟ ಖುದ್ದು ಬಂದಿದ್ದರೆ ಎಷ್ಟು ದಿನ ಕೆಲಸವಾಗುತ್ತಿತ್ತೋ ಅಷ್ಟು ದಿನದ ಸಂಬಳ ಕೊಡಬೇಕು. ಕನಿಷ್ಠ ವೇತನ ಮೊದಲ ಕಂತಿನಲ್ಲಿ ಶೇ 7, ಹಿನ್ನೆಲೆ ಕಲಾವಿದರಿಗೆ ಶೇ 11 ಏರಿತು. ಸ್ಟ್ರೀಮಿಂಗ್ ಬೋನಸ್ಸು, ಅಂದರೆ ಒಟಿಟಿಯಲ್ಲಿ ಹೆಚ್ಚು ಜನ ನೋಡಿದ್ದಕ್ಕೆ ಕೊಡುವ ಹಣ, ಮಾತ್ರ ನಮ್ಮ ದೃಷ್ಟಿಯಲ್ಲಿ ಸಾಲದು: ಅಲ್ಲಿನ ಚಂದಾದಾರರಲ್ಲಿ ಶೇ 20ರಷ್ಟು ಮಂದಿ ಮೊದಲ 90 ದಿನದಲ್ಲಿ ನೋಡಿದರಷ್ಟೇ ಅದು ಸಿಗುವುದು.

ನಮ್ಮಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಧಾರಾವಾಹಿ ಕಲಾವಿದರೂ ಸೇರಿದ್ದಾರೆ. ಲಿಖಿತ ಕರಾರು, ಅದರ ನೋಂದಣಿ, ಕೂಲಿ, ಕೆಲಸದ ಅವಧಿ ಎಲ್ಲ ಅದರಲ್ಲಿದೆ. ಡಿಜಿಟಲ್ ಮುಖದ ಮಾತೇ ಇಲ್ಲ. ಆ ಷರತ್ತನ್ನು ಕಲಾವಿದರೇ ಬರೆಸಿಕೊಳ್ಳಬೇಕಷ್ಟೆ.

ಹೀಗೆ ಮಾಡಬಹುದು. ಕರಾರಿನ ಪ್ರತಿಯನ್ನು ಹಿಂದಿನ ದಿನವೇ ತರಿಸಿಕೊಳ್ಳಿ. ‘ಇನ್ ಪರ್ಪೆಚ್ಯುಯಿಟಿ’ ಎಂಬ ಪದ ಹುಡುಕಿ. ಶಾಶ್ವತವಾಗಿ ಎಂದು ಅರ್ಥ. ಅದು ‘ಲೈಕ್‌ನೆಸ್’, ‘ವಾಯ್ಸ್’ ಪದಗಳ ಜೊತೆಗಿದ್ದರೆ ನಿಮ್ಮ ಮುಖ, ದನಿ ಎರಡೂ ಕೊನೆತನಕ ಅವರ ಕೈಗೆ ಹೋದಂತೆ. ‘ಈ ಧಾರಾವಾಹಿಗೆ ಮಾತ್ರ, ಪ್ರತಿರೂಪಕ್ಕೆ ಬೇರೆ ಒಪ್ಪಿಗೆ, ಬೇರೆ ಸಂಭಾವನೆ’ ಎಂದು ಪಕ್ಕದಲ್ಲಿ ಪೆನ್ನಿನಿಂದ ಬರೆದು ಇಬ್ಬರೂ ಅಲ್ಲೇ ಚಿಕ್ಕ ಸಹಿ ಹಾಕಿ. ಬಾಯಿಮಾತಿಗೆ ಒಪ್ಪಿದರೆ ಎರಡು ತಿಂಗಳಲ್ಲಿ ಮ್ಯಾನೇಜರ್ ಬದಲಾಗಿರುತ್ತಾರೆ! ಸಂಭಾವನೆ ಕಂತಿನ ತಾರೀಖು ಬರೆಸಿ, ಹಿಡಿದ ಟಿಡಿಎಸ್ ನಿಮ್ಮ ಪ್ಯಾನ್ ಹೆಸರಿಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ಎರಡೂ ಕಡೆಯವರ ಸಹಿಯಿರುವ ಪ್ರತಿಯನ್ನು ಅದೇ ದಿನ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಖಾಲಿ ಪಿಡಿಎಫ್ ಸಾಲದು.

– ಹವ್ಯಾಸಿ ರಂಗಾಸಕ್ತರು, ಶಿರಸಿ