ಮಗಳಿಗೊಂದು ಪತ್ರ: ಎಂಟನೇ ಬೀದಿಯ ಆ ಸ್ಕೂಲು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿಮ್ಮ ಯೂಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಅಷ್ಟು ಹೊತ್ತು ಹೇಳಿದೆಯಲ್ಲ, 2023 ಮತ್ತು 2024ರಲ್ಲಿ ಅವರನ್ನು ಚಾಂಪಿಯನ್ ಮಾಡಿದ ಕೋಚ್ ಡ್ಯಾನ್ ಹರ್ಲಿ ಓದಿದ್ದು ನಮ್ಮ ಜರ್ಸಿ ಸಿಟಿಯ ಸೇಂಟ್ ಆಂಥೋನಿ ಹೈಸ್ಕೂಲಿನಲ್ಲಿ ಅಂತ ನಾನು ಹೇಳಿದಾಗ "ಅದೆಲ್ಲಿದೆ ಅಮ್ಮಾ?" ಅಂತ ನೀನು ಕೇಳಿದೆ. ಈಗ ಇಲ್ಲ ಕಣೇ. 2017ರ ಜೂನ್‌ನಲ್ಲಿ ಮುಚ್ಚಿಹೋಯಿತು. ಎಂಟನೇ ಬೀದಿಯಲ್ಲಿ ನಿನ್ನ ಕೈ ಹಿಡಿದು ಎಷ್ಟು ಸಲ ಅದರ ಮುಂದೆ ನಡೆದಿದ್ದೇನೋ, ಒಂದು ದಿನವೂ ನಿಂತು ತೋರಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು 1952ರಲ್ಲಿ. ಇಲ್ಲಿನ ಪೋಲಿಷ್ ಜನರ ಚರ್ಚಿಗೆ ಸೇರಿದ ಸ್ಕೂಲು, ಫೆಲಿಶಿಯನ್ ಪಂಗಡದ ಕ್ಯಾಥೊಲಿಕ್ ಸಿಸ್ಟರ್‌ಗಳ ಕೈಯಲ್ಲಿ ಬೆಳೆದದ್ದು. ಬರಬರುತ್ತಾ ಊರಿನ ಜನ ಬದಲಾದರು. ಕೊನೆಕೊನೆಗೆ ಅಲ್ಲಿದ್ದವರಲ್ಲಿ ಕಪ್ಪು ಮತ್ತು ಲ್ಯಾಟಿನೋ ಬಡ ಮನೆಗಳ ಮಕ್ಕಳೇ ಜಾಸ್ತಿ, ಎಷ್ಟೋ ಜನ ಕ್ಯಾಥೊಲಿಕರೂ ಅಲ್ಲ. ಸಿಸ್ಟರ್‌ಗಳು ಅದನ್ನು ನೋಡಿ ಹಿಂಜರಿಯಲಿಲ್ಲ. ನನಗೆ ಆ ಸ್ಕೂಲಿನಲ್ಲಿ ತುಂಬಾ ಇಷ್ಟವಾಗುವುದು ಇದೇ.

ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ಬಾಬ್ ಹರ್ಲಿ, ಡ್ಯಾನ್ ಅವರ ಅಪ್ಪ. ಬಹಳ ವರ್ಷ ಹಗಲು ಪ್ರೊಬೇಷನ್ ಅಧಿಕಾರಿ ಕೆಲಸ, ಅಂದರೆ ಜೈಲಿಗೆ ಹಾಕದೆ ಬಿಟ್ಟವರ ಮೇಲೆ ಕೋರ್ಟಿನ ಪರವಾಗಿ ಕಣ್ಣಿಡುವುದು. ತಪ್ಪು ಮಾಡಿ ಕೋರ್ಟಿಗೆ ಬಂದ ಹುಡುಗರನ್ನು ನೋಡಿ ನೋಡಿ, ಸಂಜೆ ತನ್ನ ಹುಡುಗರ ಮೇಲೆ ಅಷ್ಟು ಬಿಗಿಯಾಗಿರುತ್ತಿದ್ದರು. 1,100ಕ್ಕೂ ಹೆಚ್ಚು ಪಂದ್ಯ ಗೆದ್ದರು, 25ಕ್ಕೂ ಹೆಚ್ಚು ಸಲ ರಾಜ್ಯ ಚಾಂಪಿಯನ್. 2010ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ದೊಡ್ಡವರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೂ ಸೇರಿದರು. ಇಷ್ಟೆಲ್ಲಾ ಆದರೂ ಸ್ಕೂಲಿಗೆ ಸ್ವಂತದ್ದೊಂದು ಜಿಮ್ ಇರಲಿಲ್ಲ! ನ್ಯೂಆರ್ಕ್ ಅವೆನ್ಯೂನಲ್ಲಿ ವೈಟ್ ಈಗಲ್ ಹಾಲ್ ಇದೆಯಲ್ಲ, ಬಹಳ ಕಾಲ ಅಭ್ಯಾಸ ನಡೆದಿದ್ದು ಅಲ್ಲಿ. ಅದೇ ಹಾಲಿನಲ್ಲಿ ಬಿಂಗೋ ಅಂತ ನಂಬರ್ ಕೂಗಿ ಆಡುವ ಆಟವೂ ನಡೆಯುತ್ತಿತ್ತು. ಹುಡುಗರು ಬಂದು ಮೊದಲು ಬಿಂಗೋ ಮೇಜು, ಕುರ್ಚಿಗಳನ್ನು ಎತ್ತಿ ಗೋಡೆಗೆ ಒತ್ತರಿಸಬೇಕು, ಆಮೇಲೆ ಚೆಂಡು ಮುಟ್ಟಬೇಕು. 1989ರಲ್ಲಿ ಒಂದೂ ಪಂದ್ಯ ಸೋಲದೆ ಇಡೀ ದೇಶಕ್ಕೇ ಮೊದಲನೆಯದು ಅನ್ನಿಸಿಕೊಂಡಿತಲ್ಲ, ಆ ತಂಡವೂ ಸ್ವಂತ ಅಂಕಣ ಇಲ್ಲದ ಈ ಸ್ಕೂಲಿನದೇ.

ಆದರೆ ಬರೀ ಆಟ ಅಂದುಕೊಳ್ಳಬೇಡ. ಚೆಂಡು ಮುಟ್ಟದ ಹುಡುಗಿಯರೂ ಹುಡುಗರೂ ಅಲ್ಲಿ ಓದಿದರು, ಹೆಚ್ಚುಕಮ್ಮಿ ಎಲ್ಲರೂ ಕಾಲೇಜು ಸೇರಿದರು. ಅವರ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ.

ಮತ್ತೆ ಯಾಕೆ ಮುಚ್ಚಿತು? ದುಡ್ಡು. ಮೊದಲು ಪಾಠ ಮಾಡುತ್ತಿದ್ದ ಸಿಸ್ಟರ್‌ಗಳಿಗೆ ಸಂಬಳ ಅಂತ ಇದ್ದದ್ದೇ ಅಲ್ಪ. ಅವರ ಸಂಖ್ಯೆ ಕರಗಿದ ಹಾಗೆ ಹೊರಗಿನ ಟೀಚರ್‌ಗಳು ಬಂದರು, ಖರ್ಚು ಏರಿತು, ಆದರೆ ಆ ಮನೆಗಳಿಂದ ಫೀಸ್ ಎಷ್ಟು ಕೇಳುತ್ತೀಯ? ಸರ್ಕಾರದ ದುಡ್ಡಿನಲ್ಲಿ ನಡೆಯುವ, ಫೀಸೇ ಇಲ್ಲದ ಚಾರ್ಟರ್ ಸ್ಕೂಲುಗಳು ಬಂದವು. ಡೌನ್‌ಟೌನ್ ಬಾಡಿಗೆ ಏರಿ ಬಡವರು ದೂರ ಹೋದರು, ನಮ್ಮಂಥವರು ಬಂದು ಸೇರಿಕೊಂಡೆವು. ಇದನ್ನು ಬರೆಯುವಾಗ ನನಗೆ ಕಷ್ಟವಾಗುತ್ತದೆ, ಆದರೂ ನಿಜ ಅಲ್ವಾ. ಕೊನೆಗೆ 200 ಮಕ್ಕಳೂ ಇರಲಿಲ್ಲ. ಬಾಬ್ ಹರ್ಲಿ ವರ್ಷಗಟ್ಟಲೆ ಊರೂರು ತಿರುಗಿ ದೇಣಿಗೆ ಎತ್ತಿದರು, ಸಾಕಾಗಲಿಲ್ಲ.

ಅದೇ 2017ರಲ್ಲಿ ವೈಟ್ ಈಗಲ್ ಹಾಲ್ ರಿಪೇರಿಯಾಗಿ, ಸಂಗೀತ ಕಾರ್ಯಕ್ರಮಗಳಿಗೆ ಅಂತ ಮತ್ತೆ ತೆರೆಯಿತು. ರಜೆಗೆ ಬಂದಾಗ ಅಲ್ಲಿ ಯಾವುದಾದರೂ ಕಛೇರಿಗೆ ಟಿಕೆಟ್ ತೆಗೆಸುತ್ತೇನೆ. ಹೋಗುವಾಗ ಎಂಟನೇ ಬೀದಿಯಲ್ಲೇ ನಡೆದು ಹೋಗೋಣ, ಈ ಸಲ ನಿಂತು ತೋರಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ