ಮುನ್ಸೂಚನೆಯ ಜೊತೆಗೆ ಊಹೆಗಳನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಸೋಂಕು ಎಷ್ಟು ಮಂದಿಗೆ ತಗಲೀತು, ಜನಸಂಖ್ಯೆ ಎಲ್ಲಿಗೆ ಮುಟ್ಟೀತು ಎಂಬ ಲೆಕ್ಕಾಚಾರಗಳು ಪತ್ರಿಕೆಗಳಲ್ಲಿ ಎಷ್ಟೋ ಸಲ ಒಂದೇ ಒಂದು ಅಂಕಿಯಾಗಿ ಬರುತ್ತವೆ. ಆ ಅಂಕಿಯ ಹಿಂದೆ ಗಣಿತದ ಒಂದು ಮಾದರಿ ಇರುತ್ತದೆ, ಮಾದರಿಯ ಹಿಂದೆ ಕೆಲವು ಊಹೆಗಳಿರುತ್ತವೆ. ಅವು ಕಣ್ಣಿಗೆ ಬೀಳದಿದ್ದರೆ ಓದುಗರು ಆ ಅಂಕಿಯನ್ನು ನಂಬಬೇಕು, ಇಲ್ಲವೇ ತಳ್ಳಿಹಾಕಬೇಕು. ತೂಗಿ ನೋಡಲು ದಾರಿಯೇ ಇಲ್ಲ.

ಮಾಡಿ ನೋಡಬಹುದಾದ ಒಂದು ಲೆಕ್ಕವನ್ನೇ ತೆಗೆದುಕೊಳ್ಳಿ. ಪಾತ್ರೆಯ ನೀರು 90 ಡಿಗ್ರಿ ಸೆಲ್ಸಿಯಸ್, ಕೋಣೆ 25 ಡಿಗ್ರಿ. 10 ನಿಮಿಷದಲ್ಲಿ ನೀರು 70ಕ್ಕೆ ಇಳಿಯಿತು ಎನ್ನೋಣ. ಇದೇ ವೇಗದಲ್ಲಿ ಇಳಿಯುತ್ತದೆಂದು ನೇರ ಗೆರೆ ಎಳೆದರೆ 40ನೇ ನಿಮಿಷಕ್ಕೆ 10 ಡಿಗ್ರಿ, ಅಂದರೆ ಕೋಣೆಗಿಂತ ತಣ್ಣಗೆ! ನ್ಯೂಟನ್ನನ ನಿಯಮದಂತೆ ತಣಿಯುವ ವೇಗ ನೀರಿಗೂ ಕೋಣೆಗೂ ಇರುವ ಅಂತರವನ್ನು ಅವಲಂಬಿಸಿದೆ. 65 ಇದ್ದ ಅಂತರ 45 ಆಗಿದೆ, ಸುಮಾರು 0.69 ಪಟ್ಟು. ಅಂತರವನ್ನು ಪ್ರತಿ 10 ನಿಮಿಷಕ್ಕೂ ಇದರಿಂದಲೇ ಗುಣಿಸುತ್ತ ಹೋದರೆ 40ನೇ ನಿಮಿಷಕ್ಕೆ ಅಂತರ ಸುಮಾರು 15, ಅಂದರೆ ನೀರು ಸುಮಾರು 40 ಡಿಗ್ರಿ. ಥರ್ಮಾಮೀಟರ್ ಇದಕ್ಕೂ ಪೂರ್ತಿ ಒಪ್ಪಲಿಕ್ಕಿಲ್ಲ. ಮುಚ್ಚಳ ತೆರೆದಿದ್ದರೆ ಮೊದಮೊದಲು ಆವಿಯೊಂದಿಗೆ ಹೆಚ್ಚು ಶಾಖ ಹೋಗುತ್ತದೆ, ಆಮೇಲೆ ಆ ರಭಸ ಇರುವುದಿಲ್ಲ. ಹಾಗಾಗಿ ನೀರು ಲೆಕ್ಕಕ್ಕಿಂತ ಬಿಸಿಯಾಗಿಯೇ ಉಳಿದಿರುತ್ತದೆ. ಮುಚ್ಚಳ ಹಾಕಿ ಮತ್ತೆ ಅಳೆದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಯಾವ ಊಹೆ ಎಲ್ಲಿ ಕೈಕೊಟ್ಟಿತು ಎಂದು ಹೀಗೆ ಪತ್ತೆ ಹಚ್ಚುವುದೇ ಮಾದರಿ ಕಟ್ಟುವವರ ನಿಜವಾದ ಕೆಲಸ.

ಸಾಂಕ್ರಾಮಿಕದಲ್ಲಿ ಪಣ ಇನ್ನೂ ದೊಡ್ಡದು. ಸೋಂಕು ಹರಡುವ ಬಗೆಯನ್ನು ಲೆಕ್ಕ ಹಾಕಲು 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿಜ್ಞಾನಿಗಳು ಮಂಡಿಸಿದ ಮಾದರಿಯ ಸರಳ ರೂಪ, ಎಲ್ಲರೂ ಎಲ್ಲರೊಂದಿಗೆ ಒಂದೇ ಪ್ರಮಾಣದಲ್ಲಿ ಬೆರೆಯುತ್ತಾರೆ ಎಂದುಕೊಳ್ಳುತ್ತದೆ. ಜನ ಹಾಗೆ ಬದುಕುವುದಿಲ್ಲ. ಇನ್ನು ಆರಂಭದಲ್ಲಿ ಒಬ್ಬರಿಂದ ಸರಾಸರಿ 2 ಮಂದಿಗೆ ಹರಡಿದರೆ ಹತ್ತನೇ ಸುತ್ತಿನಲ್ಲಿ 1,024 ಹೊಸ ಸೋಂಕಿತರು, 1.5 ಎಂದಿಟ್ಟುಕೊಂಡರೆ ಸುಮಾರು 58 ಮಾತ್ರ. ಅಳತೆಯಲ್ಲಿನ 0.5ರಷ್ಟು ತಪ್ಪು ಇಷ್ಟು ದೂರ ಒಯ್ಯುತ್ತದೆ. ಸಾಲದ್ದಕ್ಕೆ, ಮುನ್ಸೂಚನೆ ಓದಿದ ಜನ ಎಚ್ಚರ ವಹಿಸಿದರೆ ಲೆಕ್ಕವೂ ಬದಲಾಗುತ್ತದೆ. ಆಗ ವಿಜ್ಞಾನಿಗಳು ಸುಳ್ಳು ಹೇಳಿದರು ಎನ್ನುವುದು ಅನ್ಯಾಯ.

ಆದ್ದರಿಂದ ಒಂದು ಕೋರಿಕೆ. ಇಂಥ ಸುದ್ದಿಯ ಕೆಳಗೆ ಮೂರು ಸಾಲು ಕೊಡಿ: ಯಾವ ಅವಧಿಯ ದತ್ತಾಂಶ ಬಳಸಲಾಗಿದೆ, ಮುಖ್ಯ ಊಹೆಗಳೇನು, ಕನಿಷ್ಠ ಎಷ್ಟು ಗರಿಷ್ಠ ಎಷ್ಟು. ಅವಧಿ ಮುಗಿದ ಮೇಲೆ ನಿಜವಾಗಿ ಬಂದ ಅಂಕಿಯನ್ನು ಪಕ್ಕದಲ್ಲಿಟ್ಟು ಮತ್ತೊಮ್ಮೆ ಪ್ರಕಟಿಸಿ.

– ಗಣಿತ ಅಧ್ಯಾಪಕ