ವಾರ್ಡಿನ ಅಲಿಖಿತ ನಿಯಮಗಳು

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಗಳ ಕುರಿತು ನಡೆಯುವ ಚರ್ಚೆಯೆಲ್ಲ ವೈದ್ಯರ ಕೊರತೆ, ಔಷಧದ ಅಭಾವ, ಶೌಚಾಲಯದ ದುಃಸ್ಥಿತಿಯ ಸುತ್ತಲೇ ಸುತ್ತುತ್ತದೆ. ರೋಗಿಯ ಜೊತೆಗಿರುವ ‘ಅಟೆಂಡರ್’ಗಳ ಮಾತು ಬರುವುದು ಅಪರೂಪ.

ಜಿಲ್ಲಾ ಆಸ್ಪತ್ರೆಯ ಜನರಲ್ ವಾರ್ಡ್ ನಡೆಯುವುದೇ ಇವರ ದುಡಿಮೆಯಿಂದ. ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ಯುವುದು, ರಿಪೋರ್ಟಿಗಾಗಿ ಸಾಲಿನಲ್ಲಿ ನಿಲ್ಲುವುದು, ಗ್ಲೂಕೋಸ್ ಬಾಟಲಿ ಮುಗಿಯುವ ಮೊದಲೇ ಸಿಸ್ಟರನ್ನು ಕರೆಯುವುದು, ಮೂತ್ರದ ಚೀಲ ಬರಿದು ಮಾಡುವುದು, ರೋಗಿಯನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸುವುದು, ಇವೆಲ್ಲ ಅವರ ಪಾಲಿನ ಕೆಲಸಗಳೆಂದು ದಾಖಲಾತಿಯ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. ಹೇಳಿಕೊಡುವವರು ಪಕ್ಕದ ಮಂಚದವರು. ರೌಂಡ್ಸ್ ಶುರುವಾಗುವ ಮುನ್ನ ಚಾಪೆ, ಫ್ಲಾಸ್ಕು, ಚೊಂಬುಗಳನ್ನು ಮಂಚದಡಿಗೆ ಸರಿಸಬೇಕು, ದೊಡ್ಡ ಡಾಕ್ಟರ ಬಳಿ ಕೇಳಬೇಕಾದುದನ್ನು ಮೊದಲು ಅವರ ಕೈಕೆಳಗೆ ಕಲಿಯುವ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಯ ಬಳಿ ಕೇಳಿ ನೋಡಬೇಕು, ಊಟಕ್ಕೆ ಹೊರಗೆ ಹೋಗುವಾಗ ನಮ್ಮ ರೋಗಿಯನ್ನು ಆಚೀಚೆಯವರಿಗೆ ಒಪ್ಪಿಸಿ ಹೋಗಬೇಕು ಎಂಬುದನ್ನು ಹೊಸಬರು ಒಂದೇ ರಾತ್ರಿಯಲ್ಲಿ ಕಲಿಯುತ್ತಾರೆ. ಡಿಸ್ಚಾರ್ಜ್ ಆದವರು ತಾವು ಕೊಂಡ ಬಕೆಟ್ಟನ್ನು ಹೊಸಬರಿಗೆ ಬಿಟ್ಟುಹೋಗುತ್ತಾರೆ. ಹೊರಗೆ ಒಬ್ಬರ ಮನೆಯ ನೀರು ಮುಟ್ಟದ ಜಾತಿಯವರೂ ಇಲ್ಲಿ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುವುದುಂಟು; ಊರಿಗೆ ಮರಳಿದ ಮೇಲೂ ಅದು ಉಳಿಯುತ್ತದೆಂದು ನಾನು ನಂಬಿಲ್ಲ.

ಈ ಅಲಿಖಿತ ನಿಯಮಗಳೆಲ್ಲ ಇಷ್ಟು ಸಹೃದಯವಾದವಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಮಗುವನ್ನು ತೋರಿಸಲು ‘ಖುಷಿಗೆ’ ಕೊಡಬೇಕಾದ ಹಣ ಗಂಡಾದರೆ ಇಷ್ಟು, ಹೆಣ್ಣಾದರೆ ಅಷ್ಟು ಎಂದು ಭೇದ ಮಾಡುವ ಚಾಳಿ ರಾಜ್ಯದ ಅನೇಕ ಕಡೆ ಇರುವುದು ಎಲ್ಲರಿಗೂ ಗೊತ್ತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತ. ಆದರೂ ಸ್ಟ್ರೆಚರ್ ತಳ್ಳಿದವರ ಕೈಗೆ ನೋಟು ತುರುಕದಿದ್ದರೆ ನಾಳೆ ಬ್ಯಾಂಡೇಜ್ ಬದಲಿಸುವಾಗ ಕೈ ಒರಟಾದೀತು ಎಂಬ ಭಯ ಜನರಲ್ಲಿದೆ. ಹಾಗೆ ಹಣ ಪಡೆಯುವ ಹೊರಗುತ್ತಿಗೆಯ ಆಯಾಗೆ ಸಂಬಳ ಸಿಗುವುದು ತಿಂಗಳುಗಟ್ಟಲೆ ತಡವಾಗಿ ಎಂಬುದನ್ನೂ ಮರೆಯಬಾರದು. ಅದು ಭೇದಕ್ಕೆ ಸಮರ್ಥನೆಯಲ್ಲ, ಕಾರಣದ ಒಂದು ಭಾಗ ಅಷ್ಟೆ.

ರೋಗದ ವಿವರ ರೋಗಿಗೇ ತಿಳಿಯದಿರುವುದು ಇನ್ನೊಂದು ರೂಢಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಮಾಹಿತಿಯ ಹಕ್ಕನ್ನು ಮೊದಲಿಗಿಡುತ್ತದೆ. ವಾರ್ಡಿನಲ್ಲಿ ಮಾತ್ರ ಕ್ಯಾನ್ಸರ್ ಎಂಬುದನ್ನು ವೈದ್ಯರು ಹಿರಿಮಗನನ್ನು ಕಾರಿಡಾರಿಗೆ ಕರೆದು ಹೇಳುತ್ತಾರೆ, ಅವನು ‘ಅಮ್ಮನಿಗೆ ಗೊತ್ತಾಗುವುದು ಬೇಡ’ ಎನ್ನುತ್ತಾನೆ. ಅಮ್ಮನಿಗೆ ಗೊತ್ತಿರುತ್ತದೆ, ಆಕೆಯೂ ಹೇಳುವುದಿಲ್ಲ.

ಮನೆಯವರನ್ನು ಚಿಕಿತ್ಸೆಯ ಭಾಗವೆಂದು ಒಪ್ಪಿಕೊಂಡ ಮಾದರಿಗಳು ನಮ್ಮಲ್ಲೇ ಇವೆ. ನಿಮ್ಹಾನ್ಸ್‌ನ ಕುಟುಂಬ ಮನೋವೈದ್ಯಕೀಯ ಕೇಂದ್ರ ದಶಕಗಳಿಂದ ಆ ಕೆಲಸ ಮಾಡುತ್ತಿದೆ. ನೂರಾ ಹೆಲ್ತ್ ಸಂಸ್ಥೆ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಯವರಿಗೆ ಆರೈಕೆಯ ಪಾಠ ಹೇಳುತ್ತಿದೆ. ಅದಕ್ಕೆ ಸೇರಿಸಬೇಕಾದದ್ದು ಹೆಚ್ಚೇನಲ್ಲ: ಅಟೆಂಡರ್ ಏನು ಮಾಡಬೇಕು, ಯಾವುದು ಸಿಬ್ಬಂದಿಯ ಕೆಲಸ, ರಾತ್ರಿ ಎಲ್ಲಿ ಮಲಗಬಹುದು ಎಂಬುದನ್ನು ದಾಖಲಾತಿಯ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಮುದ್ರಿಸಿ, ಓದು ಬಾರದವರಿಗೆ ಬಾಯಲ್ಲಿ ಹೇಳಬೇಕು. ಹಣದ ದೂರಿನ ಪೆಟ್ಟಿಗೆಯನ್ನು ವಾರ್ಡಿನ ಬಾಗಿಲಲ್ಲಿ ತೂಗುಹಾಕಿ ಪ್ರಯೋಜನವಿಲ್ಲ. ಒಳಗೆ ತಮ್ಮವರು ಮಲಗಿರುವಾಗ ಯಾರೂ ದೂರು ಬರೆಯುವುದಿಲ್ಲ. ತಾಯಿ-ಮಗು ಮನೆ ಸೇರಿದ ಮೇಲೆ ಆರೋಗ್ಯ ಇಲಾಖೆಯೇ ಫೋನ್ ಮಾಡಿ, ಯಾರಿಗೆ ಎಷ್ಟು ಕೊಟ್ಟಿರಿ ಎಂದು ವಿಚಾರಿಸುವ ವ್ಯವಸ್ಥೆ ಮಾಡಲಿ.

ಇಂತಿ,
ಓರ್ವ ಓದುಗ